ಅಕ್ಕ ಆನೆ ಕೊಟ್ಟು ಗೆದ್ದ ಆಟ

ಕಲಬುರಗಿಯ ನಮ್ಮ ಕಾಲೇಜಿನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಹೊಳೆಯುವುದು ಒಂದು ಚೆಸ್ ಆಟ. ಆಡಿದ್ದು ನಾನಲ್ಲ, ನನಗಿಂತ ಒಂದು ವರ್ಷ ಮುಂದಿದ್ದ ಅಕ್ಕ. ಅಂತರ ಕಾಲೇಜು ಟೂರ್ನಿಯ ಕೊನೆಯ ಸುತ್ತು. ಹೊರಗೆ ನಮ್ಮೂರಿನ ಬಿಸಿಲು ಗೊತ್ತೇ ಇದೆಯಲ್ಲ. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲಿ ಅಂತ ಹೊಡೆದ ಕಾಯಿಗಳನ್ನೇ ಅದರ ಮೇಲೆ ಇಟ್ಟುಕೊಂಡು ಇಬ್ಬರೂ ನಡೆ ಬರೆಯುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದೆ.

ಅಕ್ಕನದು ಕರಿ ಕಾಯಿ. ಡ್ರಾ ಮಾಡಿಕೊಂಡಿದ್ದರೂ ಕಪ್ ನಮ್ಮದೇ. ಆದರೂ ಸಿಸಿಲಿಯನ್ ಆಡಿದರು, ಅಂದರೆ ಕರಿ ಗೆಲುವಿಗಾಗಿ ಕಾದಾಡುವ ಆರಂಭ. ಐದನೇ ನಡೆಗೆ ಕಾಲಾಳು ಜಿ6ಕ್ಕೆ (ಜಿ ಸಾಲಿನ ಆರನೇ ಮನೆಗೆ) ಬಂದಾಗ ನನ್ನ ಎದೆ ಧಸಕ್ಕೆಂದಿತು. ಅದು ಡ್ರ್ಯಾಗನ್, ಸಿಸಿಲಿಯನ್‌ನ ಅಪಾಯದ ಕವಲು! ಅದರಲ್ಲಿ ಸಾಮಾನ್ಯವಾಗಿ ರಾಜರು ಎದುರು ಬದುರು ಮೂಲೆ ಸೇರುತ್ತಾರೆ. ಬಿಳಿ ಎಚ್ ಸಾಲಿನ ಕಾಲಾಳನ್ನು ನುಗ್ಗಿಸುತ್ತದೆ, ಕರಿ ಸಿ ಸಾಲಿಗೆ ಆನೆ ತರುತ್ತದೆ. ಒಂದು ನಡೆ ಹಿಂದೆ ಬಿದ್ದರೆ ಕಥೆ ಮುಗೀತು. 1995ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಸ್ಪರೋವ್ ಇದನ್ನೇ ಆಡಿ ನಮ್ಮ ಆನಂದ್ ಅವರಿಂದ 11ನೇ ಆಟ ಗೆದ್ದಿದ್ದರು. ಆ ಆಟ ಅಕ್ಕನಿಗೆ ಬಾಯಿಪಾಠ.

ಎದುರಿಗಿದ್ದ ಹುಡುಗ ಚೆನ್ನಾಗಿಯೇ ಆಡುತ್ತಿದ್ದ. ಮಂತ್ರಿ, ಒಂಟೆ ಎರಡನ್ನೂ ಸಾಲಾಗಿ ನಿಲ್ಲಿಸಿ ಅಕ್ಕನ ರಾಜನ ಹತ್ತಿರದ ಎಚ್6ರ ಮೇಲೆ ಕಣ್ಣಿಟ್ಟಿದ್ದ. ಅಕ್ಕ ತುಂಬಾ ಹೊತ್ತು ಯೋಚಿಸಿದರು. ಆಮೇಲೆ ಸಿ8ರ ಆನೆ ಎತ್ತಿ ಸಿ3ರಲ್ಲಿದ್ದ ಕುದುರೆ ಹೊಡೆದು ಗಡಿಯಾರ ಒತ್ತಿದರು.

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಕುದುರೆಗಾಗಿ ಆನೆ ಹೋಗಿತ್ತಲ್ಲ! ನನಗೆ ಮಾತ್ರ ನಮ್ಮ ಗಣಿತದ ಸರ್ ಮಾತು ನೆನಪಾಯಿತು. ಸಂಜೆ ಕ್ಲಾಸ್ ಮುಗಿದ ಮೇಲೆ ಬೋರ್ಡ್ ಹಾಸಿ ಅಕ್ಕನಿಗೆ ಹೇಳುತ್ತಿದ್ದರು: “ಆನಿಗಿ ಐದು, ಕುದುರಿಗಿ ಮೂರು ಅಂತ ಸುಮ್ನ ಲೆಕ್ಕ ಹಾಕಬ್ಯಾಡವ್ವ. ಅದು ಯಾವ ಮನ್ಯಾಗ ಕುಂತದ ನೋಡು.”

ಸಿ3ರ ಆ ಕುದುರೆಯೇ ಬಿಳಿ ರಾಜನ ಕಾವಲು. ಅದು ಹೋಯಿತು. ಆನೆಯನ್ನು ಹೊಡೆಯಲು ಬಿ ಸಾಲಿನ ಕಾಲಾಳು ಜಾಗ ಬಿಟ್ಟಿತು. ರಾಜನ ಮುಂದೆ ಬಟಾಬಯಲು. ಮರುನಡೆಗೆ ಕರಿ ಮಂತ್ರಿ ಎ5ಕ್ಕೆ ಬಂದು ಎ2, ಸಿ3 ಎರಡೂ ಕಾಲಾಳುಗಳಿಗೆ ಗುರಿಯಿಟ್ಟಿತು. ಎಚ್ ಸಾಲಿನಲ್ಲಿ ಬಿಳಿಯ ದಾಳಿಗೆ ಇನ್ನೆರಡು ನಡೆ ಬೇಕಿತ್ತು. ಅವು ಅವನಿಗೆ ಸಿಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಕೈ ಚಾಚಿ ಸೋಲೊಪ್ಪಿಕೊಂಡ.

ಕಪ್ ಆಫೀಸಿನ ಕಪಾಟಿಗೆ ಹೋಯಿತು. ಆದರೆ ಈ ಆಟದ ಬಗ್ಗೆ ಆಗ ಯಾರೂ ಬರೆಯಲಿಲ್ಲ, ಅದಕ್ಕೇ ಈಗ ಬರೆದೆ. ನಡೆಗಳಿರುವ ನನ್ನ ಹಾಳೆಯ ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ಈಗಿನ ಹುಡುಗ ಹುಡುಗಿಯರು ಬೋರ್ಡ್ ಮೇಲೆ ಆಡಿ ನೋಡಬೇಕು. ಬಿಳಿಗೆ ಎಲ್ಲಾದರೂ ಬಚಾವಾಗುವ ದಾರಿ ಕಂಡರೆ ನನಗೆ ತಿಳಿಸಿ, ಅಕ್ಕನಿಗೆ ಮುಟ್ಟಿಸುತ್ತೇನೆ.