“ಎಂತ ಬಿಟ್ಟು ಬರ್ತೀರಿ?” ಅಂತ ಕೇಳೋಕೆ ಕಲಿತದ್ದು

ಅರಣ್ಯ ಹಕ್ಕು ಕಾಯ್ದೆಯಡಿ ಊರಿನವರು ಸಮುದಾಯ ಹಕ್ಕಿಗೆ ಅರ್ಜಿ ಹಾಕುವಾಗ ಅವರ ಕಾಡಿನ ಬಳಕೆಯನ್ನು ಬರೆದುಕೊಡೋದು ನನ್ನ ಕೆಲಸ. ಹೆಚ್ಚಿನ ತಿರುಗಾಟ ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದ ಮೇಲ್ಬದಿಗೆ, ಕರೆ ಒಕ್ಕಲಿಗ ಸಮುದಾಯದ ಕೇರಿಗಳಿಗೆ. ಮೊದಲ ವರ್ಷ ನನ್ನ ಪಟ್ಟಿಯಲ್ಲಿ ನಾಲ್ಕೇ ಕಾಲಂ: ಏನು ತರುತ್ತೀರಿ, ಎಷ್ಟು, ಯಾವ ತಿಂಗಳು, ಎಲ್ಲಿಂದ. ಉಪ್ಪಾಗೆ, ಮುರುಗಲು, ವಾಟೆಹುಳಿಯಂಥ ಕಾಡಿನ ಹುಳಿಹಣ್ಣು, ಜೇನು... ಒಂದೇ ದಿನಕ್ಕೆ ಮೂರು ಕೇರಿ ಮುಗಿಸಿದ್ದೆ. ಸಂಜೆ ಜಗಲಿಯಲ್ಲಿ ಕೂತು ಓದಿ ಹೇಳಿದರೆ ಕಿರಾಣಿ ಚೀಟಿ ಓದಿದ ಹಾಗಿತ್ತು.

ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೆಯೇ ಕೇಳಿದರು: “ಮರದ ಮೇಲಿಂದು ಮಂಗಂಗೆ, ಕಬ್ಬೆಕ್ಕಿಗೆ. ಅದನ್ನ ಬರ್ಕಂಡ್ಯಾ ತಮಾ?”

ಬರ್ಕೊಂಡಿರಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲವಲ್ಲ.

ಮುಂದಿನ ಆಷಾಢಕ್ಕೆ ಪಟ್ಟಿ ಬದಿಗಿಟ್ಟು ಆ ಅಜ್ಜಿಯ ಹಿಂದೆಯೇ ಕಾಡಿಗೆ ಹೋದೆ. ಮಳೆಗೆ ಕೊಪ್ಪೆ ಸೂಡಿಕೊಂಡು ಅವರು ಮುಂದೆ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳುತ್ತಾ ನಾನು ಹಿಂದೆ. ಉಪ್ಪಾಗೆ ಹಣ್ಣಾಗೋದೇ ಜಡಿಮಳೆಯಲ್ಲಿ. ಅವರು ಆರಿಸಿದ್ದು ನೆಲಕ್ಕೆ ಬಿದ್ದ ಹಣ್ಣು ಮಾತ್ರ. ಮರದ ಗೆಲ್ಲಿಗೆ (ಕೊಂಬೆಗೆ) ಕೈ ಹಾಕಲಿಲ್ಲ. ಅರ್ಧ ತಿಂದು ಬಿಸಾಡಿದ ಹಣ್ಣು ಸಿಕ್ಕರೆ ಬೀಜವನ್ನು ಅಲ್ಲೇ ಕಾಲಿಂದ ತರಗೆಲೆಯೊಳಗೆ ತಳ್ಳಿ ಮುಂದೆ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ಬಿಸಿಲಿಲ್ಲದ ಕಾಲಕ್ಕೆ ಬಿದಿರ ತಟ್ಟಿಯ ಮೇಲೆ ಹೊಗೆಗೆ ಸಿಪ್ಪೆ ಒಣಗಿಸೋದು. ಹಸಿಮರ ಕಡಿದರೆ ಹೊಗೆ ಜಾಸ್ತಿ, ಸಿಪ್ಪೆ ಕಪ್ಪು, ರೇಟು ಕಮ್ಮಿ. ಹಾಗಾಗಿ ಒಣಗಿ ಬಿದ್ದ ಕಟ್ಟಿಗೆಯೇ ಬೇಕು, ಅದನ್ನು ಬೇಸಿಗೆಯಲ್ಲೇ ಕೂಡಿಟ್ಟಿರಬೇಕು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಗುಳಿಗೆಗೆಂದು ಸಿಪ್ಪೆಯ ಬೆಲೆ ಏರಿದಾಗ ಹೊರಗಿನವರು ಗೆಲ್ಲನ್ನೇ ಕಡಿದು ಕಾಯಿ ಇಳಿಸಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅಜ್ಜಿಯ ದನಿ ಏರಿತು.

ಕಾಯ್ದೆಯ ಕಲಂ 3(1)(ಐ) ಮತ್ತೆ ತೆಗೆದು ಓದಿದ್ದು ಆ ರಾತ್ರಿ. ಸಾಂಪ್ರದಾಯಿಕವಾಗಿ ರಕ್ಷಿಸಿಕೊಂಡು ಬಂದ ಸಮುದಾಯ ಅರಣ್ಯವನ್ನು ನಿರ್ವಹಿಸುವ ಹಕ್ಕು ಅದು. ಅರ್ಜಿ ನಮೂನೆ ‘ಸಿ’. ನನ್ನ ಪಟ್ಟಿಯಲ್ಲಿ ತಂದದ್ದಕ್ಕೆಲ್ಲ ಲೆಕ್ಕವಿತ್ತು, ರಕ್ಷಿಸಿದ್ದಕ್ಕೆ ಒಂದು ಸಾಲೂ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟದವರು ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಬ್ರಿಟಿಷರ ಕಾಲದಿಂದಲೇ ಸರ್ಕಾರಿ ಕಾಗದದಲ್ಲಿದೆ, ಎಕರೆ ತೋಟಕ್ಕೆ 9 ಎಕರೆ ತನಕ. ಆದರೆ ಹಿಂದೆ ಕುಮ್ರಿ ಬೇಸಾಯ (ಕಾಡು ಕಡಿದು ಸುಟ್ಟು ಬಿತ್ತುವುದು) ಮಾಡುತ್ತಿದ್ದ ಇವರಂಥವರ ಕಟ್ಟುಪಾಡನ್ನು ಯಾರೂ ಬರೆದಿಡಲಿಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಪುರಾವೆಯೇ ಅನ್ನುತ್ತದೆ ನಿಯಮ 13. ಹಾಗಾಗಿ ಪಕ್ಕದ ಕೇರಿಯ ಹಿರಿಯರನ್ನೂ ಕೂರಿಸಿ ಕೇಳಿದೆ. ಈಗ ನನ್ನ ಮೊದಲ ಪ್ರಶ್ನೆ, ಎಂತ ಬಿಟ್ಟು ಬರ್ತೀರಿ? ಯಾವ ಮರ ಮುಟ್ಟೋದಿಲ್ಲ, ಯಾವ ತಿಂಗಳು ಹೋಗೋದಿಲ್ಲ, ತಪ್ಪಿದರೆ ಯಾರು ಬೈತಾರೆ? ಒಂದು ಕೇರಿಗೆ ನಾಲ್ಕು ದಿನ ಹಿಡಿಯುತ್ತದೆ. ಮೇಲಿನವರಿಗೆ ಇದು ಸೋಮಾರಿತನದ ಹಾಗೆ ಕಂಡರೂ ಕಾಣಬಹುದು.

ಒಂದು ತಪ್ಪನ್ನು ಹೇಳಲೇಬೇಕು. ಹುರುಪಿನಲ್ಲಿ ಹೆಜ್ಜೇನು ಕೂರುವ ಮರಗಳನ್ನೆಲ್ಲ ಜಿಪಿಎಸ್ ಹಾಕಿ ನಕಾಶೆಯಲ್ಲಿ ಗುರುತಿಸಿದ್ದೆ. ಪ್ರತಿಯ ಫೋಟೊ ಯಾವುದೋ ವಾಟ್ಸಾಪ್ ಗುಂಪಿಗೆ ಹೋಯಿತು. ಮರುವರ್ಷ ಊರಿನವರು ಹೋಗುವ ಮೊದಲೇ ಎರಡು ಮರದ ಜೇನುತಟ್ಟಿ ಖಾಲಿ. ಮರಿ ಇದ್ದ ಭಾಗವನ್ನೂ ಬಿಟ್ಟಿರಲಿಲ್ಲ. ಯಾರೂ ನನಗೆ ಬೈಯಲಿಲ್ಲ. ಚಾ ಕೊಟ್ಟರು, ಮಾತು ಕಮ್ಮಿ ಆಡಿದರು, ಅಷ್ಟೇ.

ಅಲ್ಲಿಂದ ಬರೆದದ್ದನ್ನೆಲ್ಲ ಕೇರಿಯಲ್ಲೇ ಗಟ್ಟಿಯಾಗಿ ಓದಿ, ಬೇಡ ಅಂದದ್ದನ್ನು ಅಲ್ಲೇ ಹೊಡೆದುಹಾಕುತ್ತೇನೆ. ಹೋದ ಸಲ ಓದುವಾಗ ಅಜ್ಜಿ ಒಂದು ಹಳ್ಳದ ಹೆಸರಿಗೆ ಬಂದಾಗ ಕೈ ಅಡ್ಡ ಹಿಡಿದರು. “ಅದು ಬ್ಯಾಡ.” ಯಾಕೆ ಅಂತ ಕೇಳಲಿಲ್ಲ. ಪೆನ್ನು ತೆಗೆದು ಹೆಸರು ಕಾಣದ ಹಾಗೆ ಗೀಚಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಗೀಚು ಅಂದರು.