ಇಲ್ಲ, ನನ್ನನ್ನು ಯಾರೂ ಬಿಟ್ಟು ಹೋಗಿಲ್ಲ

ಐದು ಹಾಡುಗಳ ನನ್ನ ಮೊದಲ ಇಪಿ (ಪುಟ್ಟ ಆಲ್ಬಮ್) ಹೊರಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: “ಯಾಕೆ ಎಲ್ಲವೂ ಇಷ್ಟು ದುಃಖದ ಹಾಡುಗಳು? ಏನಾಯಿತು ನಿಮಗೆ?” ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ. ಏನೂ ಆಗಿಲ್ಲ. ಯಾರೂ ಕೈಕೊಟ್ಟಿಲ್ಲ. ಊಟ, ನಿದ್ದೆ ಎರಡೂ ಚೆನ್ನಾಗಿವೆ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ದನಿ ತಗ್ಗಿಸಿ, ತಲೆಯನ್ನು ತುಸು ವಾಲಿಸಿ, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರಂತೆ ಕೇಳುತ್ತಾರೆ. ಒಂದು ಸಣ್ಣ ಕಾರ್ಯಕ್ರಮ ಮುಗಿಸಿ ಕೇಬಲ್ ಸುತ್ತುತ್ತಾ ಕುಳಿತಿದ್ದೆ. ಹಿರಿಯರೊಬ್ಬರು ಬಂದು ನನ್ನ ಕೈ ಹಿಡಿದುಕೊಂಡು, “ಧೈರ್ಯವಾಗಿರಮ್ಮ, ಕಾಲವೇ ಎಲ್ಲವನ್ನೂ ಮರೆಸುತ್ತದೆ” ಎಂದರು. ನಾನು ಚೆನ್ನಾಗಿದ್ದೇನೆ ಎಂದೆ. ಅವರು ಬಿಡಲಿಲ್ಲ. “ಆ ಮೂರನೆಯ ಹಾಡಿನ ಹುಡುಗ ಯಾರಮ್ಮ?” ಮೂರನೆಯ ಹಾಡಿನಲ್ಲಿ ಹುಡುಗನೇ ಇಲ್ಲ. ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಗೋಡೆಯಲ್ಲಿ ಉಳಿದ ಮೊಳೆಗಳ ಬಗ್ಗೆ ಬರೆದ ಹಾಡು ಅದು. ಹಾಗೆಂದು ವಿವರಿಸಿದೆ. “ಅಯ್ಯೋ, ಜೊತೆಗಿದ್ದ ಮನೆಯೇ?” ಎಂದು ಅವರ ಕಣ್ಣು ಇನ್ನಷ್ಟು ತುಂಬಿ ಬಂತು. ಒಳ್ಳೆಯ ಮನಸ್ಸಿನವರು, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆ ಸೇರಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಗಿಟಾರ್ ಚೆನ್ನಾಗಿತ್ತು ಎಂದು ಒಂದು ಮಾತು ಹೇಳಲಿಲ್ಲವಲ್ಲ!

ಒಬ್ಬಳೇ ಬರೆದು, ಒಬ್ಬಳೇ ಹಾಡಿ, ಒಬ್ಬಳೇ ಮಿಕ್ಸ್ ಮಾಡಿದರೆ ಅದು ದಿನಚರಿಯೇ ಇರಬೇಕು ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಇದೇ ಹಾಡುಗಳನ್ನು ಐದು ಜನರ ಬ್ಯಾಂಡ್ ನುಡಿಸಿದ್ದರೆ ಯಾರೂ ಡ್ರಮ್ಮರ್‌ನ ಕೈ ಹಿಡಿದು ಸಮಾಧಾನ ಹೇಳುತ್ತಿರಲಿಲ್ಲ.

ದುಃಖದ ಸಂಗೀತ ಕೇಳುವವರೆಲ್ಲ ದುಃಖದಲ್ಲಿ ಮುಳುಗಿರುವುದಿಲ್ಲ ಎಂಬುದಕ್ಕೆ ಆಧಾರವೂ ಇದೆ. ಲೀಲಾ ತರುಫಿ ಮತ್ತು ಸ್ಟೀಫನ್ ಕೋಲ್ಶ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 772 ಜನ ಉತ್ತರಿಸಿದ್ದರು. ಅಂಥ ಸಂಗೀತ ಎಬ್ಬಿಸುವ ಭಾವಗಳಲ್ಲಿ ಅವರು ಅತಿ ಹೆಚ್ಚಾಗಿ ಹೆಸರಿಸಿದ್ದು ಹಳೆಯ ದಿನಗಳ ಹಂಬಲವನ್ನು. ದುಃಖವನ್ನಲ್ಲ. ಕೇಳುವವರಿಗೆ ಇಷ್ಟು ವಿನಾಯಿತಿ ಇರುವಾಗ ಹಾಡುವವಳಿಗೆ ಯಾಕಿಲ್ಲ?

ನನ್ನ ಹಾಡುಗಳ ವಿಷಾದವನ್ನು ನಾನು ಕಟ್ಟಿದ್ದೇನೆ. ನಿಮಿಷಕ್ಕೆ 72 ಬಡಿತಗಳ ನಿಧಾನ ನಡೆ ಬೇಕೆಂದೇ ಆರಿಸಿಕೊಂಡದ್ದು. ಮೈಕಿಗೆ ಒಂದು ಗೇಣು ದೂರದಲ್ಲಿ ನಿಂತು ಪಿಸುದನಿಗಿಂತ ತುಸು ಮೇಲೆ ಹಾಡಿದೆ. ಅದಕ್ಕೆ ನೇರವಾಗಿ ರಿವರ್ಬ್, ಅಂದರೆ ಕೋಣೆಯಲ್ಲಿ ದನಿ ಮೊಳಗುವ ಪರಿಣಾಮ, ಹಚ್ಚಿದರೆ ದನಿ ಹಿಂದಕ್ಕೆ ಸರಿದು ಮಸುಕಾಗುತ್ತದೆ. ದನಿಗೂ ರಿವರ್ಬಿಗೂ ನಡುವೆ 50 ಮಿಲಿಸೆಕೆಂಡ್ ಬಿಡುವು ಕೊಟ್ಟರೆ ಹಾಡುವವಳು ಕಿವಿಯ ಬಳಿಯೇ ಉಳಿಯುತ್ತಾಳೆ, ಅವಳ ಸುತ್ತಲಿನ ಕೋಣೆ ಮಾತ್ರ ದೊಡ್ಡದಾಗುತ್ತದೆ. ನೀವು ಒಂಟಿತನ ಎಂದು ಗುರುತಿಸಿದ್ದು ಬಹುಮಟ್ಟಿಗೆ ಈ ಬಿಡುವನ್ನು. ದನಿಗೆ ಹೀಗೆ ಕೋಣೆಯೊಂದನ್ನು ಸೇರಿಸುವುದು ಹೊಸ ವಿದ್ಯೆಯೇನಲ್ಲ. 1947ರಲ್ಲಿಯೇ ಬಿಲ್ ಪಟ್ನಂ ಎಂಬ ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಹಾರ್ಮೋನಿಕಾ ತಂಡವೊಂದರ ಧ್ವನಿಮುದ್ರಣಕ್ಕೆ ಬಾತ್‌ರೂಮನ್ನೇ ಪ್ರತಿಧ್ವನಿಯ ಕೋಣೆಯಾಗಿ ಬಳಸಿದ್ದ. ಅವನಿಗೆ ಏನಾಯಿತು ಎಂದು ಯಾರಾದರೂ ಕೇಳಿದ್ದರೆ ಬಾತ್‌ರೂಮಿನ ಬಾಗಿಲು ತೋರಿಸುತ್ತಿದ್ದನೇನೋ.

ನನಗೆ ಬೇರೊಂದು ಪ್ರಶ್ನೆ ಬೇಕಿತ್ತು. ಮೂರನೆಯ ಹಾಡಿನ ಕೊನೆಯ ಚರಣದಲ್ಲಿ ಬೇಸ್ (ತಗ್ಗು ಸ್ವರಗಳ ವಾದ್ಯ) ಯಾಕೆ ನಿಂತುಹೋಯಿತು ಎಂದು ಯಾರಾದರೂ ಕೇಳಬೇಕಿತ್ತು. ಕೇಳಿದ್ದರೆ ಅಲ್ಲೇ ಗಿಟಾರ್ ಎತ್ತಿಕೊಂಡು ನುಡಿಸಿ ತೋರಿಸುತ್ತಿದ್ದೆ. ಆ ಹಾಡು ಮೇಜರ್ ಸ್ಕೇಲಿನಲ್ಲಿದೆ, ಅಂದರೆ ಸಂತೋಷದ್ದು ಎಂದು ಎಲ್ಲರೂ ಒಪ್ಪುವ ಸ್ಕೇಲ್. ಅದರ ಮುಖ್ಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸಿ ಮೇಜರ್ ಸೆವೆಂತ್: ಸಿ, ಇ, ಜಿ, ಬಿ. ಈ ನಾಲ್ಕರಲ್ಲಿ ಸಿ ಸ್ವರವನ್ನು ತೆಗೆಯಿರಿ, ಉಳಿಯುವುದು ಇ ಮೈನರ್, ದುಃಖದ್ದೆಂದು ಹೆಸರಾದ ಕಾರ್ಡ್. ಗಿಟಾರ್ ಮೊದಲಿನಿಂದಲೂ ಆ ಮೂರು ಸ್ವರಗಳನ್ನಷ್ಟೇ ನುಡಿಸುತ್ತಿರುತ್ತದೆ. ಸಿ ಇರುವುದು ಬೇಸಿನಲ್ಲಿ. ಕೊನೆಯ ಚರಣದಲ್ಲಿ ಬೇಸ್ ಸುಮ್ಮನಾಗುತ್ತದೆ. ಗಿಟಾರಿನ ಒಂದು ತಂತಿಯೂ ಬದಲಾಗದೆ ಕಾರ್ಡ್ ಮೈನರ್ ಆಗಿ ಕೇಳತೊಡಗುತ್ತದೆ. ಮೊಳೆಗಳು ಇದ್ದಲ್ಲೇ ಇವೆ, ಮನೆ ಮಾತ್ರ ಖಾಲಿ. ಇದು ಹೊಳೆದ ದಿನ ನಾನು ಕುಣಿದಾಡಿದ್ದೆ. ಈ ಇಪಿಯಲ್ಲಿ ನನಗೆ ಅತ್ಯಂತ ಹೆಮ್ಮೆ ತಂದ ಜಾಗ ಅದು. ಜನ ಮಾತ್ರ ಅದೇ ಜಾಗಕ್ಕೆ ಬಂದು ಹುಡುಗನನ್ನು ಹುಡುಕುತ್ತಾರೆ.

ಆ ಸಿ ಸುಮಾರು 65 ಹರ್ಟ್ಸ್‌ನ ಮಂದ್ರ ಸ್ವರ. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದರಲ್ಲಿ ಕೇಳಿದವರಿಗೆ ಬೇಸ್ ಇದ್ದದ್ದೂ ಸರಿಯಾಗಿ ಗೊತ್ತಾಗಿಲ್ಲ, ನಿಂತದ್ದೂ ಗೊತ್ತಾಗಿಲ್ಲ. ಆದ್ದರಿಂದ ಪ್ರಶ್ನೆ ಕೇಳುವ ಮೊದಲು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ.