13 ಇಂಚಿಗೆ ಒಂದು ಗೆರೆ ಕಡಿಮೆ

ಮಿಷಿಗನ್‌ನಲ್ಲಿ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯದಲ್ಲಿ ಲೈಸೆನ್ಸ್ ಇಲ್ಲದವರೂ ಮೀನು ಹಿಡಿಯಬಹುದು. ಲೈಸೆನ್ಸ್ ಒಂದು ಬೇಡ ಅಷ್ಟೆ, ಉಳಿದ ಕಾನೂನೆಲ್ಲ ಹಾಗೇ ಇರುತ್ತದೆ. ಭಾವ ಇದನ್ನು ಡಿಸೆಂಬರ್‌ನಿಂದಲೇ ಹೇಳುತ್ತಿದ್ದರು. "ಪುಕ್ಕಟೆ ಅವಕಾಶ, ಬಾ. ನಿಮ್ಮಕ್ಕ ಅಂತೂ ಬರಲ್ಲ." ಅಕ್ಕ ಬರುವುದಿಲ್ಲ ಅನ್ನೋದು ಹೊಸ ವಿಷಯವೇನಲ್ಲ. ಮೈನಸ್ 14 ಡಿಗ್ರಿಯಲ್ಲಿ, ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಮೀನು ಹಿಡಿಯೋಕೆ ಐಸ್ ಮೇಲೆ ಹೋಗಿ ಕೂರುವವರನ್ನು ಅವಳು ಏನಂತ ಕರೆಯುತ್ತಾಳೋ ಅದನ್ನು ಇಲ್ಲಿ ಬರೆಯುವಂತಿಲ್ಲ.

ಡೆಟ್ರಾಯಿಟ್ ಪಕ್ಕದ ನೋವೈಯಿಂದ ಕತ್ತಲಿರುವಾಗಲೇ ಹೊರಟೆವು. ಐ-75 ಹೆದ್ದಾರಿ ಹಿಡಿದು ಎರಡು ಗಂಟೆ ಉತ್ತರಕ್ಕೆ ಹೋದರೆ ಬೇ ಸಿಟಿ. ಅಲ್ಲಿಂದ ಸ್ವಲ್ಪ ಮುಂದೆ ಲಿನ್‌ವುಡ್. ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಯ ದಡದ ಪುಟ್ಟ ಊರು. ಬೆಳಕು ಹರಿಯುವ ಮೊದಲೇ ಅಲ್ಲಿ ಟ್ರಕ್ಕುಗಳ ಸಾಲು. ಎಲ್ಲರೂ ಬಂದಿದ್ದು ವಾಲ್‌ಐ ಮೀನಿಗೆ. ಮುಂಜಾನೆ ಮತ್ತು ಸಂಜೆಯ ಮಬ್ಬು ಬೆಳಕಿನಲ್ಲಿ ಅದು ಚೆನ್ನಾಗಿ ಕಚ್ಚುತ್ತದೆ. ಅದರ ಕಣ್ಣು ಕಡಿಮೆ ಬೆಳಕಿಗೇ ಮಾಡಿದ್ದು.

ಭಾವ ಐಸ್ ಮೇಲೆ ಇಳಿಯುವ ಮೊದಲು ಫೋನ್‌ನಲ್ಲಿ ಗಾಳಿಯ ದಿಕ್ಕು ನೋಡಿದರು. ಲಿನ್‌ವುಡ್ ಇರೋದು ಕೊಲ್ಲಿಯ ಪಶ್ಚಿಮ ದಡದಲ್ಲಿ. ಪಶ್ಚಿಮದಿಂದ ಜೋರು ಗಾಳಿ ಬೀಸಿದರೆ ಐಸ್ ದಡ ಬಿಟ್ಟು ಸರೋವರದ ಕಡೆ ಸರಿಯುತ್ತದೆ, ನಡುವೆ ಬಿರುಕು ಬಿಟ್ಟು ನೀರು ತೆರೆದುಕೊಳ್ಳುತ್ತದೆ. 2009ರ ಫೆಬ್ರವರಿಯಲ್ಲಿ ಒಹಾಯೋ ಕಡೆ ಈರೀ ಸರೋವರದಲ್ಲಿ ಹೀಗೇ ಆಗಿ ನೂರಕ್ಕೂ ಹೆಚ್ಚು ಮೀನುಗಾರರು ತೇಲುವ ಐಸ್ ಮೇಲೆ ಸಿಕ್ಕಿಕೊಂಡಿದ್ದರು. ಒಬ್ಬರು ಸತ್ತರು. ಅವತ್ತು ನಮಗೆ ಗಾಳಿ ಕಡಿಮೆ ಇತ್ತು. ಆದರೂ ಭಾವ ಕಬ್ಬಿಣದ ಹಾರೆಯಲ್ಲಿ ಐಸನ್ನು ಕುಟ್ಟಿ ನೋಡುತ್ತಲೇ ನಡೆದರು. ನಾನು ಹಿಂದೆ ಸ್ಲೆಡ್ ಎಳೆದುಕೊಂಡು ಹೋದೆ.

ಬ್ಯಾಟರಿಯ ಬೈರಿಗೆಯಲ್ಲಿ ತೂತು ಕೊರೆದಿದ್ದು ಒಂದು ನಿಮಿಷದ ಕೆಲಸ. ಗುಡಾರ ಎಬ್ಬಿಸಿ, ಒಳಗೆ ಸಣ್ಣ ಗ್ಯಾಸ್ ಹೀಟರ್ ಹಚ್ಚಿದ ಮೇಲೆ ಗಾಳ ಇಳಿಸುತ್ತಾರೆ ಅಂದುಕೊಂಡೆ. ಇಲ್ಲ. ಮೊದಲು ಭಾವ ಸಾಮಾನು ಜೋಡಿಸಿದರು. ತೂತಿನ ಬಲಕ್ಕೆ ಉದ್ದ ಮೂಗಿನ ಇಕ್ಕಳ, ಅದರ ಪಕ್ಕ ಕತ್ತರಿ. ಎಡಕ್ಕೆ ಅಳತೆಯ ಹಲಗೆ, ಅದರ ಮೇಲೆ ಸರೋವರದ ನೀರು ಸುರಿದು ಒದ್ದೆ ಮಾಡಿಟ್ಟರು. ತೂತಿನ ಐಸ್ ಚೂರು ತೆಗೆಯಲು ಒಂದು ಜಾಲರಿ ಸೌಟು. ಅಕ್ಕನ ಅಡುಗೆಮನೆಯಿಂದ ಹೋದ ವರ್ಷ ಕಾಣೆಯಾಗಿದ್ದು ಅದೇ.

"ಇದೆಲ್ಲ ಆಮೇಲೆ ಮಾಡಬಹುದಲ್ವಾ ಭಾವ?"

"ಮೀನು ಬಂದ ಮೇಲೆ ಇಕ್ಕಳ ಹುಡುಕ್ತಾ ಕೂತ್ರೆ ಮೀನು ಸತ್ತ ಹಾಗೆ."

ಭಾವನಿಗೆ ಇದನ್ನೆಲ್ಲ ಕಲಿಸಿದ್ದು ಪಕ್ಕದ ಮನೆಯ ಅಜ್ಜ. ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಅವರ ಮೊದಲ ಪಾಠ, ಹಿಡಿಯುವ ಮೀನಿಗಿಂತ ಬಿಡುವ ಮೀನಿಗೆ ಜಾಸ್ತಿ ತಯಾರಿ ಬೇಕು ಅನ್ನೋದು. ಸ್ಯಾಗಿನಾ ಕೊಲ್ಲಿಯಲ್ಲಿ 13 ಇಂಚಿಗಿಂತ ಚಿಕ್ಕ ವಾಲ್‌ಐ ಇಟ್ಟುಕೊಳ್ಳುವಂತಿಲ್ಲ. ದೊಡ್ಡದಾದರೂ ದಿನಕ್ಕೆ ಒಬ್ಬರಿಗೆ 8 ಮಾತ್ರ.

ನನ್ನ ಗಾಳಕ್ಕೆ ಮೊದಲು ಬಂದಿದ್ದು ಚಿಕ್ಕದೇ. ಮಣಿಕಟ್ಟನ್ನು ಸ್ವಲ್ಪ ಎತ್ತಿ ಇಳಿಸುತ್ತಿದ್ದೆ, ಟಕ್ ಅಂತ ಒಂದು ಪೆಟ್ಟು, ಆಮೇಲೆ ಭಾರ. ಮೀನು ತೂತಿನ ಬಾಯಿಗೆ ಬಂದಾಗ ಭಾವ ಗ್ಲೌಸ್ ಬಿಚ್ಚಿ ಕೈಯನ್ನು ನೀರಿಗೆ ಅದ್ದಿದರು. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಆ ಲೋಳೆಯೇ ಅದಕ್ಕೆ ರೋಗ ತಗಲದಂತೆ ಕಾಯುವುದು. ಹೊಟ್ಟೆಯ ಕೆಳಗೆ ಕೈ ಕೊಟ್ಟು ಅಡ್ಡಡ್ಡ ಎತ್ತಿದರು. ಕಿವಿರಿಗೆ ಬೆರಳು ಹಾಕಲಿಲ್ಲ. ಚಿನ್ನದ ಬಣ್ಣಕ್ಕೆ ಹಸಿರು ಬೆರೆತ ಮೈ, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಚುಕ್ಕೆ. ಕಣ್ಣು ಮಾತ್ರ ವಿಚಿತ್ರ, ಮಂಜು ಕವಿದ ಗಾಜಿನ ಗೋಲಿ. ಬಾಯಿ ಮುಚ್ಚಿಸಿ, ಬಾಲದ ಎರಡು ತುದಿ ಸೇರಿಸಿ ಒತ್ತಿ ಹಲಗೆಗೆ ಇಟ್ಟರು. 13ರ ಗೆರೆಗೆ ಒಂದು ಸಣ್ಣ ಗೆರೆ ಕಡಿಮೆ. ಇಕ್ಕಳದಿಂದ ಕೊಕ್ಕೆ ತಿರುಗಿಸಿದರು. ಕೊಕ್ಕೆಯ ಒಳಮುಳ್ಳನ್ನು ಮನೆಯಲ್ಲೇ ಒತ್ತಿ ಚಪ್ಪಟೆ ಮಾಡಿದ್ದರಿಂದ ಸುಲಭವಾಗಿ ಬಿಟ್ಟುಕೊಂಡಿತು. ಸೌಟಿನಲ್ಲಿ ತೂತಿನ ಐಸ್ ಚೂರನ್ನು ನಾನು ತೆಗೆದೆ. ತಲೆ ಕೆಳಗೆ ಮಾಡಿ ನೀರಲ್ಲಿ ಹಿಡಿದರು. ಒಂದು ಸಲ ಕೊಸರಿತು, ಇಲ್ಲವಾಯಿತು. ಇಷ್ಟೂ ಸೇರಿ ನಾನೊಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು.

ಈ ಅವಸರಕ್ಕೆ ಕಾರಣ ಚಳಿ. ನೀರಿನೊಳಗೆ ಮೀನಿಗೆ ಸೊನ್ನೆಗಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಹೊರಗೆ ಮೈನಸ್ 14, ಮೇಲಿಂದ ಗಾಳಿ. ಕಿವಿರಿನ ಎಳೆಗಳು ತೆಳ್ಳಗೆ, ಒದ್ದೆ. ಬಹಳ ಬೇಗ ಹೆಪ್ಪುಗಟ್ಟುತ್ತವೆ. ಕಣ್ಣೂ ಅಷ್ಟೆ. ಹಾಗೆ ಹೆಪ್ಪುಗಟ್ಟಿದ ಮೀನು ನೀರಿಗೆ ಬಿಟ್ಟ ತಕ್ಷಣ ಈಜಿಕೊಂಡು ಹೋದರೂ ಬದುಕುತ್ತದೆ ಅಂತ ಹೇಳೋಕಾಗಲ್ಲ. ನಮ್ಮಿಂದ ಸ್ವಲ್ಪ ದೂರದಲ್ಲಿ ಗುಡಾರವಿಲ್ಲದೆ ಇಬ್ಬರು ಕೂತಿದ್ದರು. ಚಿಕ್ಕ ಮೀನೊಂದನ್ನು ಹಿಮದ ಮೇಲೆ ಮಲಗಿಸಿ, ಗ್ಲೌಸ್ ಬಿಚ್ಚಿ, ಜೇಬಿನಿಂದ ಫೋನ್ ತೆಗೆದು, ಒಬ್ಬರಾದ ಮೇಲೆ ಒಬ್ಬರು ಫೋಟೋ ಹಿಡಿದರು. ಆಮೇಲೆ ನಿಯಮದ ಪ್ರಕಾರ ನೀರಿಗೆ ಬಿಟ್ಟರು. ಕಾನೂನಿಗೆ ಸರಿ, ಮೀನಿಗೆ ಏನು ಉಪಯೋಗ? ಬಿಡೋ ಮೀನಿನ ಫೋಟೋ ಯಾರಿಗೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಳದ ವಿಷಯವೂ ಇದೆ. ನಾವಿದ್ದಲ್ಲಿ 16 ಅಡಿ ನೀರು. 30 ಅಡಿಗಿಂತ ಆಳದಿಂದ ಎಳೆದರೆ ಒತ್ತಡ ಇಳಿದು ಮೀನಿನ ಗಾಳಿಚೀಲ ಊದಿಕೊಳ್ಳಬಹುದು. ಟ್ರೌಟ್ ಜಾತಿಯ ಮೀನಾದರೆ ಬಾಯಿಂದ ಗಾಳಿ ಬಿಟ್ಟುಕೊಳ್ಳುತ್ತದೆ. ವಾಲ್‌ಐಗೆ ಆ ದಾರಿ ಇಲ್ಲ. ಅದರ ಚೀಲದ ಗಾಳಿ ರಕ್ತದ ಮೂಲಕ ನಿಧಾನವಾಗಿಯೇ ಇಳಿಯಬೇಕು. ಅದಕ್ಕೇ ಚಿಕ್ಕವು ಸಿಗುವ ಕಡೆ ಆಳಕ್ಕೆ ಹೋಗಬೇಡಿ ಅಂತ ಅಜ್ಜನ ಕಟ್ಟಪ್ಪಣೆ.

ಚಿಕ್ಕವೇ ಯಾಕೆ ಇಷ್ಟು ಸಿಗುತ್ತವೆ ಅಂತ ಕೇಳಿದೆ. ಕಥೆ ಸ್ವಾರಸ್ಯವಾಗಿದೆ. ಏಲ್‌ವೈಫ್ ಅಂತ ಸಮುದ್ರದ ಕಡೆಯಿಂದ ಬಂದು ಸೇರಿಕೊಂಡ ಮೀನೊಂದು ಇಲ್ಲಿ ವಾಲ್‌ಐ ಮರಿಗಳನ್ನು ತಿಂದು ಹಾಕುತ್ತಿತ್ತು. 2003ರ ಹೊತ್ತಿಗೆ ಹ್ಯೂರಾನ್‌ನಲ್ಲಿ ಅದರ ಸಂತತಿ ಕುಸಿಯಿತು. ವಾಲ್‌ಐ ಮರಿಗಳು ಉಳಿಯತೊಡಗಿದವು. ಅದುವರೆಗೆ ಸರ್ಕಾರವೇ ಮರಿ ತಂದು ಬಿಡುತ್ತಿತ್ತು, 2006ರಿಂದ ಅದರ ಅಗತ್ಯವೇ ಬೀಳಲಿಲ್ಲ. ಕೊನೆಗೆ ವಾಲ್‌ಐ ಎಷ್ಟು ಹೆಚ್ಚಿದವು ಅಂದರೆ ಹಳದಿ ಪರ್ಚ್ ಮೀನಿನ ಮರಿಗಳಿಗೆ ಕುತ್ತು ಬಂತು. 2015ರಲ್ಲಿ ಕಾನೂನು ಸಡಿಲಿಸಿದರು. 15 ಇಂಚು ಇದ್ದಿದ್ದು 13 ಆಯಿತು, ದಿನಕ್ಕೆ 5 ಇದ್ದಿದ್ದು 8 ಆಯಿತು. ಪರ್ಚ್ ಮಾತ್ರ 50ರಿಂದ 25ಕ್ಕೆ ಇಳಿಯಿತು.

"ಜಾಸ್ತಿ ಆಗಿದೆ ಅಂತ ಅವರೇ ಹೇಳ್ತಾರೆ, ಮತ್ತೆ ಚಿಕ್ಕದನ್ನ ಬಿಡೋದ್ಯಾಕೆ?" ಅಂದೆ.

"ಜಾಸ್ತಿ ಇದ್ದಾಗ ಗೆರೆ ಇಳಿಸಿದ್ರು. ಕಡಿಮೆ ಆದ್ರೆ ಏರಿಸ್ತಾರೆ. ಗೆರೆ ಅನ್ನೋದೇ ಇಲ್ಲದಿದ್ರೆ ಯಾವುದನ್ನ ಏರಿಸೋದು?" ಅಂದರು ಭಾವ. ತೀರ್ಥಹಳ್ಳಿ ಕಡೆಯವರು ಅವರು. ಮೊದಲ ಮಳೆಗೆ ಹಳ್ಳ ಉಕ್ಕಿದಾಗ ಗದ್ದೆಗೆ ಏರುವ ಹತ್ತುಮೀನನ್ನು ರಾತ್ರಿ ಟಾರ್ಚ್ ಹಿಡಿದು ಹೊಡೆಯುತ್ತಿದ್ದವರು. "ಹೊಟ್ಟೆ ತುಂಬಾ ಮೊಟ್ಟೆ ಇಟ್ಕೊಂಡೇ ಬರ್ತಿದ್ವು. ಮೊಟ್ಟೆ ಇದ್ದಷ್ಟೂ ಸಾರಿಗೆ ರುಚಿ. ಬಿಡಬೇಕು ಅಂತ ಯಾರಿಗೆ ಹೊಳೀಬೇಕು?" ಅಂತ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಬಂದ ಒಂದು ಮೀನು ನನ್ನನ್ನು ಕಾಡಿತು. ಪಕ್ಕದ ತೂತಿನಲ್ಲಿ ಜೀವಂತ ಮರಿಮೀನು ಸಿಕ್ಕಿಸಿ ಬಿಟ್ಟಿದ್ದ ಗಾಳಕ್ಕೆ ಬಿದ್ದಿದ್ದು. ಕೈಯಲ್ಲಿ ಆಡಿಸುತ್ತಿರುವ ಗಾಳವಾದರೆ ಮೀನು ಕಚ್ಚಿದ ಕೂಡಲೇ ಎಳೆಯುತ್ತೇವೆ, ಕೊಕ್ಕೆ ತುಟಿಯಲ್ಲೇ ಇರುತ್ತದೆ. ಸುಮ್ನೆ ಬಿಟ್ಟ ಗಾಳದ್ದು ಹಾಗಲ್ಲ, ನಾವು ನೋಡುವಷ್ಟರಲ್ಲಿ ನುಂಗಿ ಆಗಿರುತ್ತದೆ. ಕೊಕ್ಕೆ ಗಂಟಲಲ್ಲಿತ್ತು. ಕಿವಿರಿನ ಅಂಚಲ್ಲಿ ರಕ್ತ. ಉದ್ದ 12 ಇಂಚು. ಭಾವ ಇಕ್ಕಳ ಮುಟ್ಟಲಿಲ್ಲ. ಕತ್ತರಿ ತಗೊಂಡು ದಾರವನ್ನು ಬಾಯಿಯ ಹತ್ತಿರವೇ ಕತ್ತರಿಸಿದರು.

"ಬದುಕುತ್ತಾ?"

"ಎಳೆದು ತೆಗೆದ್ರೆ ಗ್ಯಾರಂಟಿ ಸಾಯುತ್ತೆ. ಹೀಗೆ ಬಿಟ್ರೆ ಬದುಕಿದ್ರೂ ಬದುಕಬಹುದು."

ಸಾಯುವ ಹಾಗಿರುವ ಮೀನನ್ನು ನೀರಿಗೆ ಹಾಕುವುದು ಯಾವ ನ್ಯಾಯ ಅಂತ ಜಗಳವಾಡಿದೆ. ತಿಂದರೆ ಸಾರ್ಥಕವಾದರೂ ಆಗುತ್ತದಲ್ಲ. ಕಾನೂನು ಇದಕ್ಕೆ ರಿಯಾಯಿತಿ ಕೊಡುವುದಿಲ್ಲ. ಅಳತೆಗೆ ಬರದಿದ್ದರೆ ರಕ್ತ ಬಂದಿರಲಿ, ಸತ್ತೇ ಹೋಗಿರಲಿ, ವಾಪಸ್ ನೀರಿಗೆ. ಭಾವನ ಉತ್ತರ ಚಿಕ್ಕದು. "ರಕ್ತ ಬಂದಿದ್ದನ್ನ ತಗೊಂಡು ಹೋಗಬಹುದು ಅಂತ ಮಾಡಿದ್ರೆ, ನಾಳೆಯಿಂದ ಎಲ್ಲಾ ಚಿಕ್ಕ ಮೀನಿಗೂ ರಕ್ತ ಬರುತ್ತೆ." ಒಪ್ಪಿದೆ, ಆದರೆ ಮನಸ್ಸು ಪೂರ್ತಿ ಒಪ್ಪಲಿಲ್ಲ. ಭಾವ ಆ ಪಕ್ಕದ ಗಾಳವನ್ನು ಸುತ್ತಿ ಸ್ಲೆಡ್‌ಗೆ ಹಾಕಿದರು. ಆಮೇಲೆ ದಿನವೆಲ್ಲ ಕೈಗಾಳ ಮಾತ್ರ.

ಸಂಜೆ ನಾಲ್ಕರ ನಂತರ ದೊಡ್ಡವು ಬಂದವು. ಇಬ್ಬರಿಗೂ ಸೇರಿ ಒಂದು ಊಟಕ್ಕೆ ಸಾಕಾಗುವಷ್ಟು ಆದ ಮೇಲೆ ಭಾವ ಗಾಳ ಎತ್ತಿದರು. ಲೆಕ್ಕದ ಪ್ರಕಾರ ಇನ್ನೂ ಹಿಡಿಯಬಹುದಿತ್ತು. ಕತ್ತಲಾದ ಮೇಲೆ ಬಿರುಕು ಕಾಣುವುದಿಲ್ಲ ಅಂದರು.

ಅಳತೆಯ ಕಾನೂನು ಇರೋದರಿಂದ ಮೀನನ್ನು ಐಸ್ ಮೇಲೆ ಕೊಯ್ಯುವಂತಿಲ್ಲ, ಇಡಿಯಾಗಿಯೇ ಒಯ್ಯಬೇಕು. ಅಜ್ಜನಿಗೆ ಇದು ಕಿರಿಕಿರಿ, ಅವರು ಮನೆಗೆ ಹೋಗಿ ಎರಡು ಬದಿಯ ಮಾಂಸ ಇಳಿಸಿ ಉಳಿದಿದ್ದನ್ನು ಎಸೆಯುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ಅಕ್ಕ ಬುಟ್ಟಿ ತೆರೆದು ಮೊದಲು ತಲೆ ಎಣಿಸಿದಳು. ತುಂಡುಗಳಿಗೆ ಬ್ಯಾಡಗಿ ಮೆಣಸಿನಕಾಯಿ ಮಸಾಲೆ ಸವರಿ ರವೆಯಲ್ಲಿ ಹೊರಳಿಸಿ ಹುರಿದಳು, ತಲೆಗಳು ಹುಳಿ ಹಾಕಿದ ಸಾರಿಗೆ ಹೋದವು. ಸಾರು ಕುದಿಯುವಾಗ ನೊರೆ ತೆಗೆಯೋಕೆ ಜಾಲರಿ ಸೌಟು ಎಲ್ಲಿ ಅಂತ ಕೇಳಿದಳು. ಭಾವ ಕಾರ್ ಖಾಲಿ ಮಾಡ್ತೀನಿ ಅಂತ ಗ್ಯಾರೇಜಿಗೆ ಹೊರಟರು.